ನಾಯಿಯೊಡನೆ ವನವಿಹಾರ

ಪ್ರಾತಃಕಾಲದಲ್ಲಿ ಸಾಕುನಾಯಿಯನ್ನು ಸಂಗಡ ಕರೆದುಕೊಂಡು ಗುಡ್ಡ, ತೋಪು, ಉಪವನಗಳಲ್ಲಿ ಸಂಚರಿಸುವುದು ಯಜಮಾನನಿಗೂ ಪ್ರಾಣಿಗೂ ಹಿತಕರವಾದುದೇ ಸರಿ. ಆದರೆ ವನ್ಯಮೃಗಗಳ ರಕ್ಷಿತಾರಣ್ಯಗಳಿಗೆ ಅದನ್ನೇಕೆ ಬಿಡುವುದಿಲ್ಲವೆಂದು ಕೆಲವರು ಅಸಮಾಧಾನಪಡುವುದುಂಟು. ಕಾರಣವನ್ನು ಕೇಳಿರಿ. 1994ರಲ್ಲಿ ಆಫ್ರಿಕಾಖಂಡದ ಸೆರೆಂಗೆಟಿ ವನದಲ್ಲಿ ಡಿಸ್ಟೆಂಪರ್ ಎಂಬ ಶ್ವಾನರೋಗವು ಹಬ್ಬಿ, ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ನಾಶವಾಯಿತು; ಸುತ್ತಲಿನ ಹಳ್ಳಿಗಳ ನಾಯಿಗಳಿಂದಲೇ ಆ ಸೋಂಕು ಬಂದಿರಬೇಕೆಂದು ಶಾಸ್ತ್ರಜ್ಞರು ಭಾವಿಸಿದರು.

ಆದಕಾರಣ ಅನುಮತಿಯಿರುವ ಎಡೆಗೇ ಹೋಗತಕ್ಕದ್ದು. ಅಮೆರಿಕೆಯ ರಾಷ್ಟ್ರೀಯ ವನಗಳಲ್ಲಿ ನಾಯಿಯ ಹಗ್ಗವು 6 ಅಡಿಗಿಂತ ಉದ್ದವಿರಕೂಡದೆಂಬ ನಿಯಮವುಂಟು. ಅದು ನಮಗೂ ಅನುಕರಣೀಯವಾದುದು. ಡಿಸ್ಟೆಂಪರಿಗೂ ಹುಚ್ಚುರೋಗಕ್ಕೂ ಲಸಿಕೆ ಹಾಕಿಸದೆ ಹೊರಡಲಾಗದು.

ನಾಯಿಯು ನಮ್ಮಂತೆ ಮೈಯೆಲ್ಲ ಬೆವರದೆ, ಮುಖ್ಯವಾಗಿ ಏದುಸಿರಿನಿಂದಲೇ ದೇಹದ ಕಾವನ್ನು ಕಳೆಯುತ್ತದೆ. ಆದುದರಿಂದ ಕುಡಿಯಲು ನೀರನ್ನು ಒಯ್ದು, ಬಿಸಿಲೇರುವ ಮುನ್ನವೇ ಹಿಂದಿರುಗಬೇಕು. ಬಂಡೆಯ ಮೇಲೆ ಅಂಗೈಯಿಟ್ಟು ನೋಡಿರಿ: ನಮ್ಮ ಕೈ ತಾಳಲಾರದ ಬಿಸಿಯನ್ನು ಅದರ ಪಾದವೂ ತಾಳದು. ಜೊಲ್ಲು ವಿಪರೀತವಾಗಿ ಸುರಿದು ನಡೆ ತಡವರಿಸಿದರೆ, ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರೆರೆದು, ಪಶುವೈದ್ಯರಿಗೆ ತೋರಿಸತಕ್ಕದ್ದು. ಮನೆ ಸೇರಿದೊಡನೆ ಕಿವಿಗಳಲ್ಲಿಯೂ ಬೆರಳಸಂದುಗಳಲ್ಲಿಯೂ ಉಣುಗು ಹತ್ತಿದೆಯೋ ಎಂದು ಪರೀಕ್ಷಿಸಿರಿ.

ಯಜಮಾನನು ನಡೆದಷ್ಟು ದೂರವೂ ನಾಯಿಯು ದಣಿವನ್ನು ಲೆಕ್ಕಿಸದೆ ಹಿಂಬಾಲಿಸುವುದು. ಎಲ್ಲಿ ನಿಲ್ಲಬೇಕೆಂಬ ವಿವೇಕವು ಯಜಮಾನನದಾಗಿರಬೇಕು.