ಮೋಟಾರು ಗಾಡಿಯಲ್ಲಿ ಮಕ್ಕಳು

ಮಕ್ಕಳನ್ನು ಕರೆದುಕೊಂಡು ದೂರದ ಊರಿಗೆ ಹೋಗುವವರು ಬೇಕಾದ ಸಿದ್ಧತೆಯನ್ನೆಲ್ಲ ಮಾಡಿಕೊಂಡೇ ಹೊರಡುತ್ತಾರೆ. ಗಂಟೆಯೊಂದರ ಪ್ರಯಾಣಕ್ಕಾದರೋ, "ಇಲ್ಲೇ ಹೋಗಿ ಬರುವುದಲ್ಲವೆ?" ಎಂದು ಹಾಗೆಯೇ ಗಾಡಿ ಹತ್ತುತ್ತಾರೆ. ಗೃಹಸ್ಥರಾದ ವಾಚಕರೇ, ಮಕ್ಕಳ ಅಳು, ಜಗಳ, ವಾಂತಿ, ಹಿರಿಯರ ಗದರಿಕೆ ಇವೆಲ್ಲಕ್ಕೂ ಈ ಸಣ್ಣ ಪ್ರಯಾಣವೇ ಸಾಕು. ಇದನ್ನು ನಾನು ಗ್ರಂಥಾಧಾರದಿಂದ ಹೇಳುತ್ತಿಲ್ಲ. ಸ್ವಂತ ತಪ್ಪಿನಿಂದ ಕಲಿತು ಅರಿಕೆ ಮಾಡುತ್ತಿದ್ದೇನೆ.

ಕಳೆದ ಮಾಘಮಾಸದಲ್ಲಿ ನಾವು ಮೈಸೂರಿನಿಂದ ಮೇಲುಕೋಟೆಗೆ ಹೊರಟೆವು. ದೂರ ಸುಮಾರು ೫೦ ಕಿಲೋಮೀಟರು. ಮಗನು ಗಾಡಿ ನಡೆಸುತ್ತಿದ್ದನು. ಮೊಣಕಾಲು ನೋವಿನವಳಾದ ನನ್ನ ಮನೆಯವಳು ಮುಂದಿನ ಸೀಟಿನಲ್ಲಿಯೂ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ಆರು ವರ್ಷದ ಮೊಮ್ಮಗನೊಡನೆ ನಾನು ಹಿಂದೆಯೂ ಕುಳಿತಿದ್ದೆವು. ಮೂವತ್ತೈದು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿದ್ದೀತೆ? ಶ್ರೀರಂಗಪಟ್ಟಣ ಬರುವ ಮೊದಲೇ ಹುಡುಗಿಗೆ ಸಂಧಿಯನ್ನೂ ಹುಡುಗನಿಗೆ ಮಗ್ಗಿಯನ್ನೂ ಆರಂಭಿಸಿದೆನು. ಮಕ್ಕಳ ಮುಖ ಬಾಡಿತು. ಸ್ವಲ್ಪ ಹೊತ್ತಿನಲ್ಲಿ ಹುಡುಗನು ಅಳತೊಡಗಿದನು. ಅಳುವನ್ನು ನಿಲ್ಲಿಸಲು ಅವನ ಸೀಟ್‌ಬೆಲ್ಟನ್ನು ಬಿಚ್ಚಿ, ತೊಡೆಯ ಮೇಲೆ ಕೂರಿಸಿಕೊಂಡು, ಕೈಗೆ ಮೊಬೈಲು ಫೋನನ್ನು ಕೊಟ್ಟೆನು. ಒಡನೆಯೇ ಶಾಂತಿಯಾಯಿತು. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಂಡೆನು.

ಪಾಂಡವಪುರವನ್ನು ದಾಟಿದ ಮೇಲೆ ಹುಡುಗನ ಮುಖ ಬಿಳಿಚಿಕೊಂಡಿತು. "ತಾತಾ, ಹೊಟ್ಟೆ ತೊಳಸ್ತಿದೆ" ಎನ್ನುವಷ್ಟರಲ್ಲಿ ವಾಂತಿಯಾಯಿತು. ನಾನು ಕೂಗಿಕೊಂಡೆನು; ಮಗನು ಗಾಬರಿಯಿಂದ ಹಿಂದಕ್ಕೆ ತಿರುಗಿ ನೋಡಿದನು. ಎದುರಿಗೆ ಕಬ್ಬು ಹೇರಿದ ಎತ್ತಿನ ಗಾಡಿ ಇದ್ದಿತು! ತಾಯಿಯ ಕೂಗನ್ನು ಕೇಳಿ ಅವನು ಬ್ರೇಕು ಒತ್ತಿದನು. ನಾವು ನಿಂತಾಗ ಕಬ್ಬಿನ ಸೋಗೆಗೂ ನಮಗೂ ಒಂದು ಮಾರಿನ ಅಂತರವೂ ಇರಲಿಲ್ಲ. ಬೆಲ್ಟು ಹಾಕಿದ್ದವರಿಗೆ ಏನೂ ಆಗಲಿಲ್ಲ. ನನ್ನ ತೊಡೆಯ ಮೇಲಿದ್ದ ಮಗು ಮಾತ್ರ ಮುಂದಿನ ಸೀಟಿಗೆ ಬಡಿದು ತುಟಿ ಒಡೆದುಕೊಂಡಿತು. ಎರಡು ಕೈಗಳಿಂದ ಬಿಗಿಯಾಗಿ ಹಿಡಿದಿದ್ದರೂ ಹಿಡಿತ ನಿಲ್ಲಲಿಲ್ಲ. ಎತ್ತಿನ ಗಾಡಿಯವನು ಇಳಿದು ಬಂದು, "ಮಗ ಉಸಾರಾಗವ್ನಾ ಸ್ವಾಮಿ?" ಎಂದು ಕೇಳಿ, ಬಾಯಿ ತೊಳೆಯಲು ನೀರು ಕೊಟ್ಟು, ಒಂದು ಜಲ್ಲೆ ಕಬ್ಬನ್ನು ಮಗುವಿನ ಕೈಗಿತ್ತನು. ನಾನು ತಲೆ ತಗ್ಗಿಸಿದೆನು.

ಈ ಅನರ್ಥಕ್ಕೆ ಕಾರಣವೇನೆಂದು ವಿಚಾರ ಮಾಡೋಣ. ನಮ್ಮ ದೇಹದ ಸಮತೋಲವನ್ನು ತಿಳಿಸುವ ಅವಯವವು ಒಳಗಿವಿಯಲ್ಲಿರುವುದು. ಗಾಡಿಯ ಓಟ, ತಿರುವು, ಕುಲುಕಾಟಗಳನ್ನೆಲ್ಲ ಅದು ಮಿದುಳಿಗೆ ತಿಳಿಸುತ್ತಿರುತ್ತದೆ. ಕಣ್ಣು ಮಾತ್ರ ಪುಸ್ತಕದಲ್ಲಿಯೋ ಫೋನಿನಲ್ಲಿಯೋ ನೆಟ್ಟಿದ್ದರೆ, "ನಾನು ಅಲುಗುತ್ತಿಲ್ಲ" ಎಂದು ಅದು ಸಾಕ್ಷಿ ಹೇಳುತ್ತದೆ. ಇಬ್ಬರು ಸಾಕ್ಷಿಗಳ ಮಾತು ಒಂದಕ್ಕೊಂದು ವಿರುದ್ಧವಾದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಈ ಬಾಧೆ ಹೆಚ್ಚು. ಕಿಟಕಿಯಿಂದ ದೂರದ ವಸ್ತುವನ್ನು ನೋಡುತ್ತಿದ್ದರೆ ಕಣ್ಣು ಕಿವಿಗಳ ಮಾತು ಕೂಡುತ್ತದೆ, ಬಾಧೆಯೂ ಕಡಿಮೆಯಾಗುತ್ತದೆ. ಆದುದರಿಂದ ಮಗುವಿನ ಕಣ್ಣು ಗಾಡಿಯ ಹೊರಗಿರಬೇಕು. ಮಗುವಿನ ಕಣ್ಣು ದಾರಿಯ ಮೇಲಿದ್ದರೆ ಸಾರಥಿಯ ಕಣ್ಣೂ ದಾರಿಯ ಮೇಲಿರುತ್ತದೆ. ಈ ತಿಂಗಳು ನಾನು ಹೇಳಬೇಕಾದುದು ಇಷ್ಟೇ.

ದೇವರ ದರ್ಶನ ಮಾಡಿಕೊಂಡು ಹಿಂದಿರುಗುವಾಗ ನನ್ನ ಮನೆಯವಳು, "ನೀವು ಮುಂದೆ ಕೂತುಕೊಳ್ಳಿ, ನಾನು ಮಕ್ಕಳ ಜೊತೆ ಇರುತ್ತೇನೆ" ಎಂದಳು. ಮಕ್ಕಳನ್ನು ಒಂದೊಂದು ಕಿಟಕಿಯ ಬಳಿ ಕೂರಿಸಿ, ಬೆಲ್ಟು ಹಾಕಿ, ತಾನು ನಡುವೆ ಕುಳಿತು, "ಎಡಗಡೆ ಅಕ್ಕನದು, ಬಲಗಡೆ ತಮ್ಮನದು, ಯಾರ ಕಡೆ ಎತ್ತಿನ ಗಾಡಿ ಹೆಚ್ಚು ಸಿಕ್ಕುತ್ತವೋ ನೋಡೋಣ" ಎಂದಳು. ಮಕ್ಕಳು ಕಿಟಕಿಗೆ ಕಣ್ಣು ಕೊಟ್ಟರು. ಗಾಡಿಗಳು ಮುಗಿದ ಮೇಲೆ ಟ್ರ್ಯಾಕ್ಟರುಗಳು, ಅನಂತರ ಕೊಕ್ಕರೆಗಳು. ಪಾಂಡವಪುರದ ಬಳಿ ಕುಂತಿಬೆಟ್ಟ ಕಂಡಾಗ ಹುಡುಗನು, "ಹತ್ತಿರದ ಮರವೆಲ್ಲ ಹಿಂದೆ ಓಡುತ್ತೆ, ಬೆಟ್ಟ ಮಾತ್ರ ನಮ್ಮ ಜೊತೆ ಯಾಕೆ ಬರುತ್ತೆ ಅಜ್ಜಿ?" ಎಂದು ಕೇಳಿದನು. ಇಂಥ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಕೇಳಿದವರು ಎಷ್ಟು ಮಂದಿ! "ಇನ್ನೆಷ್ಟು ದೂರ?" ಎಂದಾಗ ಅವಳು ಮೈಲಿಯ ಲೆಕ್ಕ ಹೇಳದೆ, "ಇನ್ನು ಎರಡು ಸೇತುವೆ" ಎಂದಳು. ನದಿ ಒಂದೇ, ಸೇತುವೆ ಎರಡು ಏಕೆ? ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವೆಂಬುದನ್ನು ಹುಡುಗಿಯು ತಾನೇ ಎರಡೂ ಸೇತುವೆಗಳನ್ನು ದಾಟಿ ಕಂಡುಕೊಂಡಳು.

ಆಗ ನನಗೂ ಕರೆ ಬಂದಿತು: "ತಾತ, ನೀವೂ ಒಂದು ಆಟ ಹೇಳಿ." ನಮ್ಮ ಪೂರ್ವಿಕರು ಅಂಕಿಗಳನ್ನು ಅಕ್ಷರಗಳಲ್ಲಿ ಅಡಗಿಸಿಡುತ್ತಿದ್ದ ಕಟಪಯಾದಿ ಕ್ರಮವನ್ನು ನೆನೆದು, ಮುಂದೆ ಹೋಗುವ ಗಾಡಿಗಳ ನಂಬರಿನ ಕಡೆಯ ಎರಡಂಕಿಗಳಿಂದ ಪದ ಮಾಡಲು ಹೇಳಿದೆನು. ೨ ಎಂದರೆ ಖ, ಠ, ಫ, ರ. ೫ ಎಂದರೆ ಙ, ಣ, ಮ, ಶ. ಸ್ವರ ಯಾವುದನ್ನಾದರೂ ಕೂಡಿಸಬಹುದು. ಆದುದರಿಂದ ೨೫ ಎಂದರೆ ರಾಮ. ಶಾಸ್ತ್ರದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ವಾಡಿಕೆ. ಮಕ್ಕಳಿಗಾಗಿ ಅದನ್ನು ಸಡಿಲಿಸಿದೆನು. ೭ ಎಂದರೆ ಛ, ಥ, ಸ, ೮ ಎಂದರೆ ಜ, ದ, ಹ ಎಂದು ಅಕ್ಕನಿಂದ ಕೇಳಿ ತಿಳಿದು, ೭೨ನ್ನು ಕಂಡು ಹುಡುಗನು "ಸಾರು!" ಎಂದನು, ೮೭ನ್ನು ಕಂಡು "ದೋಸೆ!" ಎಂದನು. ಹಸಿವೆಯೇ ಪರಮ ಗುರು. ಬೆಳಿಗ್ಗೆ ಮಗ್ಗಿಗೆ ಅತ್ತವನು ಇವನೇ. ಪರೀಕ್ಷೆಯಾದರೆ ಬೇಸರ, ಆಟವಾದರೆ ಉಲ್ಲಾಸ. ವಿದ್ಯೆ ಎರಡರಲ್ಲಿಯೂ ಒಂದೇ.

ಇನ್ನು ಕೆಲವು ಸೂಚನೆಗಳು. ಹೊರಡುವ ಮುನ್ನ ಹೊಟ್ಟೆ ಬಿರಿಯ ತಿನ್ನಿಸಬಾರದು; ಬರಿಯ ಹೊಟ್ಟೆಯಲ್ಲಿಯೂ ಕರೆದೊಯ್ಯಬಾರದು. ಓಡುವ ಗಾಡಿಯಲ್ಲಿ ಸಣ್ಣ ಮಕ್ಕಳಿಗೆ ಕಡಲೆಕಾಯಿ ಬೀಜ, ಗಟ್ಟಿ ಮಿಠಾಯಿ ಬೇಡ. ಕುಲುಕಾಟಕ್ಕೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಂದು ಬಟ್ಟೆ, ನೀರು, ಖಾಲಿ ಚೀಲ ಕೈಗೆಟುಕುವಂತಿರಲಿ. ಮಕ್ಕಳ ಹೊಣೆ ಹಿರಿಯರಲ್ಲಿ ಒಬ್ಬರದಾಗಿರಲಿ. ಸಾರಥಿಯನ್ನು ಆಟಕ್ಕೂ ಜಗಳದ ತೀರ್ಪಿಗೂ ಕರೆಯಬಾರದು. ಮಗು ಅತ್ತರೆ ಬೆಲ್ಟು ಬಿಚ್ಚದೆ, ಗಾಡಿಯನ್ನೇ ರಸ್ತೆಯ ಪಕ್ಕಕ್ಕೆ ನಿಲ್ಲಿಸತಕ್ಕದ್ದು. ಬೆಲ್ಟು ಕುತ್ತಿಗೆಗೆ ತಾಗದೆ ಭುಜದ ಮೇಲೆ ಹಾಯಬೇಕು. ಅಷ್ಟು ಎತ್ತರವಿಲ್ಲದ ಮಕ್ಕಳಿಗೆ ಅವರಿಗೆಂದೇ ಮಾಡಿದ ಆಸನ ಬೇಕು. ೧೪ ವರ್ಷ ತುಂಬದ ಮಗುವನ್ನು ಬೆಲ್ಟಾಗಲಿ ಮಕ್ಕಳ ಆಸನವಾಗಲಿ ಇಲ್ಲದೆ ಕರೆದೊಯ್ದರೆ ೧,೦೦೦ ರೂಪಾಯಿ ದಂಡವೆಂದು ೨೦೧೯ರ ಕಾಯಿದೆಯೇ ವಿಧಿಸಿದೆ. ದಂಡದ ಭಯಕ್ಕಿಂತ ನನಗೆ ಆ ಒಡೆದ ತುಟಿಯ ನೆನಪೇ ಸಾಕಾಗಿದೆ.

ಮನೆಯ ಮುಂದೆ ಗಾಡಿ ನಿಂತಾಗ ಹುಡುಗನು, ಊದಿದ ತುಟಿಯಲ್ಲಿಯೇ, "ಇಷ್ಟು ಬೇಗ ಬಂದುಬಿಟ್ಟೆವಾ ತಾತ?" ಎಂದು ಕೇಳಿದನು. ಬೆಳಿಗ್ಗೆ ಮುಗಿಯಲೊಲ್ಲದಿದ್ದ ದಾರಿ ಸಂಜೆಗೆ ಸಾಲದೆ ಹೋಯಿತು. ವಾಚಕರೂ ಮುಂದಿನ ಪ್ರಯಾಣದಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕೆಂದು ನನ್ನ ಪ್ರಾರ್ಥನೆ.