ಮಲಗಿದ್ದ ಕೊಲೆಯನ್ನು ಎಬ್ಬಿಸಿದ್ದಕ್ಕೆ...

ಪುಟ್ಟ ಊರು, ಹೂದೋಟ, ಚಹಾ, ಸ್ವೆಟರ್ ಹೆಣೆಯುವ ಅಜ್ಜಿ, ಮಧ್ಯದಲ್ಲೊಂದು ಹೆಣ. ಇಂಥವನ್ನು ‘ಕೋಜಿ ಮಿಸ್ಟರಿ’ ಅಂತಾರೆ. ರಕ್ತ ಕಡಿಮೆ, ಹರಟೆ ಜಾಸ್ತಿ. ನನಗೂ ಇಷ್ಟವೇ. ಆದರೆ ಇವು ನಿಜಕ್ಕೂ ಅಷ್ಟು ಬೆಚ್ಚಗಿವೆಯಾ ಅನ್ನೋದೇ ನನ್ನ ತಕರಾರು.

ಅಗಾಥಾ ಕ್ರಿಸ್ಟಿಯ ‘ಸ್ಲೀಪಿಂಗ್ ಮರ್ಡರ್’ ತಗೊಳ್ಳಿ. 1976ರಲ್ಲಿ, ಆಕೆ ತೀರಿಕೊಂಡ ಮೇಲೆ ಬಂದ ಮಿಸ್ ಮಾರ್ಪಲ್ ಕಾದಂಬರಿ. (ಓದಿಲ್ಲದವರು ಇಲ್ಲೇ ನಿಲ್ಲಿಸಿ, ಆಮೇಲೆ ಬೈಬೇಡಿ!) ಹೊಸದಾಗಿ ಮದುವೆಯಾದ ಗ್ವೆಂಡಾ ಇಂಗ್ಲೆಂಡಿನ ಸಮುದ್ರತೀರದ ಡಿಲ್‌ಮತ್ ಅನ್ನೋ ಊರಲ್ಲಿ ಮನೆ ಕೊಳ್ಳುತ್ತಾಳೆ. ಬಾಗಿಲೇ ಇಲ್ಲದ ಗೋಡೆಯತ್ತ ಕಾಲು ತಾನಾಗಿ ಹೋಗುತ್ತೆ. ಅಲ್ಲಿ ಹಿಂದೆ ಬಾಗಿಲಿತ್ತಂತೆ. ಇಂಥ ಹೂವಿನ ವಾಲ್‌ಪೇಪರ್ ಹಾಕಿಸಬೇಕು ಅಂದುಕೊಂಡರೆ, ಮುಚ್ಚಿಹೋಗಿದ್ದ ಬೀರುವಿನೊಳಗೆ ಅದೇ ಪೇಪರ್! ದೆವ್ವ ಅಂತ ನಾವು ನಡುಗುತ್ತೇವೆ. ದೆವ್ವ ಅಲ್ಲ, ನೆನಪು. ಚಿಕ್ಕಂದಿನಲ್ಲಿ ಆಕೆ ಅದೇ ಮನೆಯಲ್ಲಿದ್ದಳು, ಅಲ್ಲೇ ಒಂದು ಹೆಣವನ್ನೂ ನೋಡಿದ್ದಳು.

ಮಾರ್ಪಲ್ ಅಜ್ಜಿ ಹೇಳೋದು ಒಂದೇ ಮಾತು: ಮಲಗಿರೋದನ್ನ ಎಬ್ಬಿಸಬೇಡಿ. ಗಂಡ ಹೆಂಡತಿ ಕೇಳಲ್ಲ. ಪೇಪರಿಗೆ ಜಾಹೀರಾತು ಕೊಡುತ್ತಾರೆ.

ಅದನ್ನು ನೋಡಿದ್ದು ಲಿಲಿ, ಆ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದವಳು. ಯಜಮಾನಿ ಓಡಿಹೋದಳು ಅಂತ ಎಲ್ಲರೂ ನಂಬಿದ್ದಾಗ, ತಗೊಂಡು ಹೋದ ಬಟ್ಟೆ ಸರಿಯಿಲ್ಲವಲ್ಲ ಅಂತ ಅನುಮಾನ ಪಟ್ಟವಳು ಅವಳು. ಬಟ್ಟೆ ಮಡಚಿಡುವವಳಿಗೆ ತಾನೇ ಗೊತ್ತಾಗೋದು! ಅಷ್ಟು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಹೇಳಲು ಹೊರಟಳು, ದಾರಿಯಲ್ಲೇ ಕೊಲೆಯಾದಳು.

ಕೊನೆಗೆ ಗುಟ್ಟು ಬಯಲಾಗುತ್ತೆ, ಗ್ವೆಂಡಾಳ ಮನೆ ಹಗುರಾಗುತ್ತೆ. ಲಿಲಿ? ಪುಸ್ತಕ ಮುಚ್ಚಿದ ಮೇಲೆ ಆಕೆ ನಮಗೆ ನೆನಪೂ ಇರಲ್ಲ. ನಾನೇ ಮೊದಲ ಸಲ ಓದಿದಾಗ ಕೊಲೆಗಾರ ಯಾರು ಅನ್ನೋ ಆತುರದಲ್ಲಿ ಅವಳನ್ನು ದಾಟಿ ಹೋಗಿದ್ದೆ. ಎರಡನೇ ಓದಿನಲ್ಲಿ ಮುಂದೆ ಹೋಗಲಾಗಲಿಲ್ಲ.

ಹಾಗಂತ ಹಳೇ ಗುಟ್ಟು ಕೆದಕಲೇಬಾರದು ಅಂತಲ್ಲ. ಸುಳ್ಳಿನ ಮೇಲೆ ಎಷ್ಟು ದಿನ ಸಂಸಾರ ಮಾಡೋದು? ಆದರೆ ಸತ್ಯ ಬೇಕಾದವರು ಒಬ್ಬರು, ಅದಕ್ಕೆ ಬೆಲೆ ತೆತ್ತವಳು ಇನ್ನೊಬ್ಬಳು. ಕ್ರಿಸ್ಟಿ ಇದನ್ನು ಬಚ್ಚಿಟ್ಟಿಲ್ಲ, ಕಣ್ಣೆದುರೇ ಇಟ್ಟಿದ್ದಾಳೆ. ‘ಕೋಜಿ’ ಅಂತ ಹಣೆಪಟ್ಟಿ ಹಚ್ಚಿ ಕಾಣದ ಹಾಗೆ ಮಾಡಿಕೊಂಡವರು ನಾವು.

ನೀವೇನಂತೀರಿ?