ಕಾಲು ಮುರಿದಾಗ ನಾಡಿಯನ್ನು ನಂಬಬಹುದೆ?

ತೆಂಗಿನಗುಂಡಿಯ ಬಂದರಿನಲ್ಲಿ ಬೋಟಿಗೂ ಧಕ್ಕೆಗೂ ನಡುವೆ ಸಿಕ್ಕಿ ಒಬ್ಬನ ಕಣಕಾಲಿನ ಎಲುಬು ಮುರಿಯಿತೆಂದು ಭಾವಿಸೋಣ. ಕಟ್ಟು ಹಾಕಿಯಾಯಿತು. ಪಾದದ ಮೇಲೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ‘ರಕ್ತ ಓಡುತ್ತಿದೆ, ಭಯವಿಲ್ಲ’ ಎಂದು ಸುತ್ತಲಿನವರು ಸಮಾಧಾನ ಹೇಳುತ್ತಾರೆ. ನೋವು ಏರುತ್ತಲೇ ಇದೆಯೆಂದು ನರಳುವವನು ಗಾಯಾಳು ಒಬ್ಬನೇ. ಇಂತಹ ಸಂದರ್ಭದಲ್ಲಿ ನಾಡಿಗಿಂತ ನರಳಾಟವನ್ನು ನಂಬಬೇಕೆಂಬುದು ನನ್ನ ವಾದ. ನಾನು ವೈದ್ಯನಲ್ಲ, ಭೌತಶಾಸ್ತ್ರದ ಅಧ್ಯಾಪಕ. ಆದರೆ ಇದು ಮೂಲತಃ ಒತ್ತಡದ ಲೆಕ್ಕವಾದುದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಅಡಕವಾಗಿವೆ. ಎಲುಬು ಮತ್ತು ಬಿಗಿಯಾದ ನಾರಿನ ಪೊರೆಗಳೇ ಅವುಗಳ ಗೋಡೆ. ಈ ಪೊರೆ ರಬ್ಬರಿನಂತೆ ಹಿಗ್ಗುವುದಿಲ್ಲ. ಒಳಗೆ ರಕ್ತ ಒಸರಿ, ಜಜ್ಜಿದ ಸ್ನಾಯು ಬಾತುಕೊಂಡಾಗ ಒತ್ತಡ ಏರುತ್ತದೆ. ಸ್ವಸ್ಥ ಕಾಲಿನಲ್ಲಿ ಪಾದರಸದ 10 ಮಿಲಿಮೀಟರಿಗಿಂತ ಕಡಿಮೆಯಿರುವ ಈ ಒತ್ತಡ 45ಕ್ಕೆ ಏರಿತೆನ್ನಿ. ದೊಡ್ಡ ಧಮನಿಯಲ್ಲಿ ಹೃದಯದ ಪ್ರತಿ ಬಡಿತಕ್ಕೂ ಒತ್ತಡ 120ರವರೆಗೆ ಹೋಗುವುದರಿಂದ ಅದು ಮುಚ್ಚುವುದಿಲ್ಲ. ನಾಡಿ ಮಿಡಿಯುತ್ತಲೇ ಇರುತ್ತದೆ. ಸ್ನಾಯುವಿಗೆ ಉಣಿಸುವುದಾದರೋ ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳು. ಅವುಗಳೊಳಗಿನ ಒತ್ತಡ ಸುಮಾರು 30 ಮಾತ್ರ. ಹೆದ್ದಾರಿಯಲ್ಲಿ ಬಸ್ಸುಗಳು ಓಡುತ್ತಿದ್ದರೂ ಕೇರಿಯ ದಾರಿಗಳೆಲ್ಲ ಮುಚ್ಚಿಹೋದಂತೆ! ವೈದ್ಯರು ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು 6 ಗಂಟೆ ಹೀಗೆಯೇ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಸತ್ತುದು ಮರಳಿ ಬಾರದು.

ಮುರಿತಕ್ಕೆ ಮೀರಿದ, ಔಷಧಕ್ಕೂ ಬಗ್ಗದ ನೋವು. ಕಾಲಿನ ಬೆರಳುಗಳನ್ನು ಬೇರೆಯವರು ಮೆಲ್ಲನೆ ಬಗ್ಗಿಸಿದರೂ ಕಣಕಾಲಿನಲ್ಲಿ ಏಳುವ ತೀವ್ರ ಯಾತನೆ. ಮರದಂತೆ ಗಟ್ಟಿಯಾದ ಮೀನಖಂಡ. ಬೆರಳುಗಳ ನಡುವೆ ಜುಮುಗುಡುವಿಕೆ — ಇವು ಮೊದಲ ಲಕ್ಷಣಗಳು. ಪಾದ ತಣ್ಣಗಾಗಿ ನಾಡಿ ನಿಲ್ಲುವವರೆಗೆ ಕಾದರೆ ಕಾಲ ಮಿಂಚಿರುತ್ತದೆ. ಗಾಯ ಬಾಯಿ ತೆರೆದಿದೆ, ಒತ್ತಡ ಹೊರಗೆ ಹೋದೀತು ಎಂಬ ನಂಬಿಕೆಯೂ ಸಲ್ಲದು. ಒಂದು ಕೋಣೆ ತೆರೆದರೆ ಉಳಿದ ಮೂರೂ ತೆರೆದಂತಾಗುವುದಿಲ್ಲ.

ಊದಿದ ಕಾಲನ್ನು ದಿಂಬುಗಳ ಮೇಲೆ ಎತ್ತರಕ್ಕೆ ಇಡುವುದು ನಮ್ಮ ಮನೆಗಳಲ್ಲಿ ರೂಢಿ. ರಕ್ತಕ್ಕಿಂತ ಪಾದರಸ ಸುಮಾರು 13 ಪಟ್ಟು ಭಾರ. ಆದುದರಿಂದ ಹೃದಯದ ಮಟ್ಟಕ್ಕಿಂತ 13 ಸೆಂಟಿಮೀಟರು ಎತ್ತಿದರೆ ಕಾಲಿಗೆ ತಲಪುವ ರಕ್ತದ ಒತ್ತಡ 10 ಮಿಲಿಮೀಟರು ಕುಗ್ಗುತ್ತದೆ. ಮೊದಲೇ ಹಸಿದಿರುವ ಸ್ನಾಯುವಿನ ತುತ್ತನ್ನು ಕಸಿದಂತಾಯಿತು. ಈ ಶಂಕೆಯಿದ್ದಾಗ ಕಾಲು ಹೃದಯದ ಮಟ್ಟದಲ್ಲಿಯೇ ಇರಬೇಕು, ಕಟ್ಟನ್ನು ಚರ್ಮದವರೆಗೂ ಬಿಡಿಸಬೇಕು. ಬಿಗಿಯಾದ ಕಟ್ಟಿನಿಂದ ಸ್ನಾಯು ಸತ್ತು ಕೈಬೆರಳು ಮುದುಡುವುದನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿಯೇ ವಿವರಿಸಿದ್ದನು. ಬಿದಿರಿನ ದಬ್ಬೆ ಬಿಗಿದು, ಇಷ್ಟು ದಿನ ಬಿಚ್ಚಬಾರದೆಂದು ವಿಧಿಸುವ ನಾಟಿ ಪದ್ಧತಿಯ ಬಗೆಗೆ ನನಗಿರುವ ಮುಖ್ಯ ಆಕ್ಷೇಪವೂ ಇದೇ.

ಎಚ್ಚರ ತಪ್ಪಿದವನು, ಕುಡಿದವನು, ಎಳೆಯ ಮಗು ನೋವನ್ನು ಹೇಳಲಾರರು. ಅಲ್ಲಿ ಅಳೆಯಲೇಬೇಕು. ಸೂಜಿ, ಉಪ್ಪುನೀರು ತುಂಬಿದ ನಳಿಕೆ, ಸಿರಿಂಜು ಮತ್ತು ಒತ್ತಡಮಾಪಕಗಳಿಂದ ಇದನ್ನು ಅಳೆಯಬಹುದೆಂದು ಅಮೆರಿಕದ ವೈಟ್‌ಸೈಡ್ಸ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಎಡಿನ್‌ಬರೊದ ಮೆಕ್ವೀನ್ ಮತ್ತು ಕೋರ್ಟ್‌ಬ್ರೌನ್ 1996ರಲ್ಲಿ ಕಣಕಾಲು ಮುರಿದ 116 ಮಂದಿಯ ಅನುಭವದಿಂದ ಒಂದು ಅಳತೆಗೋಲು ಕೊಟ್ಟರು: ರಕ್ತದೊತ್ತಡದ ಕೆಳಗಿನ ಅಂಕಿಯಿಂದ ಕೋಣೆಯ ಒತ್ತಡವನ್ನು ಕಳೆದಾಗ 30ಕ್ಕಿಂತ ಕಡಿಮೆ ಉಳಿದರೆ ಅಪಾಯ. ಕೆಳಗಿನ ಅಂಕಿ 70, ಕೋಣೆಯಲ್ಲಿ 45 ಎಂದರೆ ಉಳಿದುದು 25. ಒಂದೇ ಸಲದ ಅಳತೆ ಮೋಸ ಮಾಡಬಹುದು. ಲಕ್ಷಣಗಳೊಡನೆ ಹೊಂದಿಸಿ, ಮತ್ತೆ ಮತ್ತೆ ನೋಡಬೇಕು. ಮುರಿದ ಕಾಲುಗಳನ್ನು ನೋಡುವ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಈ ಸರಳ ಸಾಧನ ಇರಬೇಕೆನ್ನುವುದು ದುಬಾರಿ ಬೇಡಿಕೆಯಲ್ಲ.

ಪೊರೆಯನ್ನು ಉದ್ದಕ್ಕೆ ಸೀಳಿ ಕೋಣೆಗಳನ್ನು ತೆರೆಯುವುದೊಂದೇ ಚಿಕಿತ್ಸೆ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರು. ಕಾರವಾರ ಇನ್ನೂ ದೂರ. ಆ 6 ಗಂಟೆಗಳಲ್ಲಿ ಎರಡು ರಸ್ತೆಗೇ ಹೋಗುತ್ತವೆ. ಆದುದರಿಂದ ಶಂಕೆ ಬಂದ ಕೂಡಲೇ ದೊಡ್ಡಾಸ್ಪತ್ರೆಗೆ ದೂರವಾಣಿಯಲ್ಲಿ ತಿಳಿಸಿ ಹೊರಡಬೇಕು. ಕಳುಹಿಸುವ ಚೀಟಿಯಲ್ಲಿ ಪೆಟ್ಟು ಬಿದ್ದ ಗಂಟೆ, ನೋವು ಹೆಚ್ಚತೊಡಗಿದ ಗಂಟೆ, ಕೊಟ್ಟ ನೋವುನಿವಾರಕದ ಪ್ರಮಾಣ ಇವು ಮೂರೂ ಬರೆದಿರಬೇಕು.